ಕೆರೆಯ ಲೆಕ್ಕ ಶಾಲೆಯ ಕಪಾಟಿನಲ್ಲಿರಲಿ

ನಮ್ಮ ಶಾಲೆಗಳಲ್ಲಿ ‘ಪ್ರಾಜೆಕ್ಟ್’ ಎಂಬ ಪದಕ್ಕೆ ಒಂದು ನಿಶ್ಚಿತ ರೂಪವಿದೆ. ಒಂದು ಥರ್ಮೋಕೋಲ್ ಹಾಳೆ, ಅದರ ಮೇಲೆ ನೀಲಿ ಬಣ್ಣ ಬಳಿದ ಕೆರೆ, ಕಡ್ಡಿಯ ಕಾಲುಗಳ ಮೇಲೆ ನಿಂತ ಹತ್ತಿಯ ಕೊಕ್ಕರೆ, ಪಕ್ಕದಲ್ಲಿ ಸ್ಟೇಷನರಿ ಅಂಗಡಿಯಿಂದ ತಂದ ಚಿತ್ರಗಳನ್ನು ಅಂಟಿಸಿದ ಚಾರ್ಟು. ವಿಜ್ಞಾನ ವಸ್ತುಪ್ರದರ್ಶನದ ದಿನ ಪೋಷಕರು ಬಂದು ಮೆಚ್ಚುತ್ತಾರೆ, ಶಿಕ್ಷಕರು ಆಂತರಿಕ ಅಂಕಗಳನ್ನು ನಮೂದಿಸಿಕೊಳ್ಳುತ್ತಾರೆ. ಅಲ್ಲಿಗೆ ಕೆರೆಯ ಸಂರಕ್ಷಣೆ ಮುಗಿಯುತ್ತದೆ. ವಾರ ಕಳೆಯುವುದರೊಳಗೆ ಆ ಥರ್ಮೋಕೋಲ್ ಕಸದ ಲಾರಿಯನ್ನು ಸೇರುತ್ತದೆ.

ಇದನ್ನು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. ಪರಿಸರವನ್ನು ಶಾಲೆಯೊಳಗೆ ತಂದ ಹಿಂದಿನ ಆಶಯ ದೊಡ್ಡದು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿಯೇ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. 2003ರಲ್ಲಿ ಅದರ ಅನುಷ್ಠಾನಕ್ಕೆ ಮತ್ತೆ ಆದೇಶಿಸಬೇಕಾಯಿತು. 2001-02ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳಿಗೆ ದಾರಿ ಮಾಡಿತು. ಆಜ್ಞೆ ಬಂತು, ಪಠ್ಯ ಬಂತು, ಕ್ಲಬ್ಬೂ ಬಂತು. ಬಾರದೆ ಉಳಿದದ್ದು ಒಂದೇ: ವಿದ್ಯಾರ್ಥಿ ಮಾಡಿದ ಕೆಲಸದಿಂದ ಕೆರೆಗೆ ಏನಾದರೂ ಉಪಯೋಗವಾಗಬೇಕೆಂಬ ನಿರೀಕ್ಷೆ.

ನಾನೀಗ ಪದವಿ ವಿದ್ಯಾರ್ಥಿ. ಬೆಂಗಳೂರಿನ ಅಂಚಿನಲ್ಲಿದ್ದ ನಮ್ಮ ಶಾಲೆಯ ಹಿಂದೆಯೇ ಒಂದು ಕೆರೆಯಿತ್ತು. ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನ ಶಿಕ್ಷಕಿ ಚಾರ್ಟು ಬೇಡವೆಂದರು. ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಏರಿಯ ಮೇಲಿನ ಮೂರು ಗೊತ್ತಾದ ಜಾಗಗಳಲ್ಲಿ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆದಿಡಿ ಎಂದರು. ಒಂಬತ್ತು ಮಂದಿಯ ನಮ್ಮ ಗುಂಪಿಗೆ ಇದ್ದದ್ದು ಒಂದೇ ದುರ್ಬೀನು. ಮೊದಲ ತಿಂಗಳು ಬೆಳ್ಳಕ್ಕಿಯನ್ನೂ ಕೊಕ್ಕರೆಯನ್ನೂ ಬೇರ್ಪಡಿಸುವುದೇ ಕಷ್ಟವಾಗಿತ್ತು. ಆರನೆಯ ತಿಂಗಳ ಹೊತ್ತಿಗೆ, ರೆಕ್ಕೆ ಹರಡಿ ಬಿಸಿಲಿಗೊಡ್ಡಿದ ನೀರುಕಾಗೆ ಯಾವುದು, ಕತ್ತು ಮಾತ್ರ ನೀರಿನ ಮೇಲಿಟ್ಟು ಈಜುವ ಹಾವಕ್ಕಿ ಯಾವುದು ಎಂಬುದು ಬರಿಗಣ್ಣಿಗೇ ತಿಳಿಯುತ್ತಿತ್ತು.

ಎಣಿಸುತ್ತ ಹೋದಂತೆ ಪಠ್ಯಪುಸ್ತಕ ಹೇಳದ ಒಂದು ಸಂಗತಿ ಅರ್ಥವಾಯಿತು. ಹಕ್ಕಿಗೆ ಕೆರೆಯೆಂದರೆ ಕೇವಲ ನೀರಲ್ಲ, ನೀರಿನ ಆಳ. ಹೆಜ್ಜಾರ್ಲೆಗೂ ನೀರುಕಾಗೆಗೂ ಮೀನಿರುವ ತೆರೆದ ನೀರು ಬೇಕು. ಮೆಟ್ಟುಗಾಲು ಹಕ್ಕಿಗೆ ಮೊಣಕಾಲುದ್ದದ ನೀರೂ, ಚಳಿಗಾಲದಲ್ಲಿ ಬರುವ ಉಲ್ಲಂಕಿಗಳಿಗೆ ಕೆಸರಿನ ಅಂಚೂ ಬೇಕು. ಜಂಬುಕೋಳಿಗೆ ಜೊಂಡು ಬೇಕು. ನಾವು ‘ಕಳೆ’ ಎಂದು ಕರೆಯುವ ಆ ಜೊಂಡೇ ಅದರ ಊಟದ ಮನೆ, ಬಾಣಂತಿಕೋಣೆ. ಕೆರೆಯ ‘ಅಭಿವೃದ್ಧಿ’ ಎಂಬ ಹೆಸರಿನಲ್ಲಿ ಸುತ್ತಲೂ ಕಡಿದಾದ ದಂಡೆ ಕಟ್ಟಿ, ಹೂಳಿನೊಂದಿಗೆ ಜೊಂಡನ್ನೂ ತೆಗೆದು, ನಡಿಗೆಯ ಹಾದಿ ಹಾಸಿದರೆ ನೋಟಕ್ಕೆ ಸುಂದರವಾದ ಬಟ್ಟಲು ಸಿಗುತ್ತದೆ. ಅಂಚಿನಲ್ಲಿ ಬದುಕುವ ಹಕ್ಕಿಗಳಿಗೆ ಅಂಚೇ ಉಳಿಯುವುದಿಲ್ಲ.

ಇನ್ನೊಂದು ಸಂಗತಿ, ಶಾಲೆಯ ವರ್ಷ ಬೇರೆ, ಕೆರೆಯ ವರ್ಷ ಬೇರೆ. ಶಾಲೆಯ ಪ್ರಾಜೆಕ್ಟುಗಳು ಹೆಚ್ಚಾಗಿ ದಸರೆಯ ರಜೆಗೆ ಮುಂಚೆಯೇ ಸಲ್ಲಿಕೆಯಾಗುತ್ತವೆ. ಉತ್ತರದ ವಲಸೆ ಹಕ್ಕಿಗಳು ಗುಂಪುಗುಂಪಾಗಿ ಇಳಿಯತೊಡಗುವುದು ದೀಪಾವಳಿಯ ಆಚೀಚೆ. ಅವು ತುಂಬಿರುವ ಜನವರಿ, ಫೆಬ್ರುವರಿಯಲ್ಲಿ ಮಕ್ಕಳು ಪರೀಕ್ಷೆಯ ಸಿದ್ಧತೆಯಲ್ಲಿರುತ್ತಾರೆ. ನೀರಿಳಿದು ಯಂತ್ರಗಳು ಅಂಗಳಕ್ಕಿಳಿಯುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೇ ಬೀಗ. ಕೆರೆಗೆ ಕಣ್ಣುಗಳು ಅತ್ಯಂತ ಅಗತ್ಯವಾದ ಕಾಲದಲ್ಲಿಯೇ ವಿದ್ಯಾರ್ಥಿಗಳು ಅಲ್ಲಿರುವುದಿಲ್ಲ.

ನಮ್ಮ ಒಂದು ವರ್ಷದ ಎಣಿಕೆ ಒಂದು ದಪ್ಪ ನೋಟುಪುಸ್ತಕವಾಯಿತು. ಅದಕ್ಕೆ ಒಳ್ಳೆಯ ಅಂಕಗಳೂ ಬಂದವು. ಮರುವರ್ಷ ಶಿಕ್ಷಕಿ ಬೇರೆ ಶಾಲೆಗೆ ಹೋದರು. ವರ್ಷಾಂತ್ಯದಲ್ಲಿ ಪ್ರಾಜೆಕ್ಟು ವರದಿಗಳನ್ನೆಲ್ಲ ಹಳೆಯ ಕಾಗದದವರಿಗೆ ಕೊಡುವ ಶಾಲೆಯ ವಾಡಿಕೆಯಂತೆ ಆ ಪುಸ್ತಕವೂ ತೂಕಕ್ಕೆ ಹೋಯಿತು. ಎರಡು ವರ್ಷಗಳ ಬಳಿಕ ಕೆರೆಯ ಕಾಮಗಾರಿ ಆರಂಭವಾಗಿ, ಮುಂಗಾರು ಹಿಡಿದ ಮೇಲೂ ಜೆಸಿಬಿಗಳು ಜೊಂಡನ್ನು ಕೀಳುತ್ತಲೇ ಇದ್ದವು. ಅದು ಜಂಬುಕೋಳಿಗಳು ಗೂಡು ಕಟ್ಟುವ ಕಾಲ. ನಾವು ನಾಲ್ವರು ಹಳೆಯ ವಿದ್ಯಾರ್ಥಿಗಳು ಹೋಗಿ, ಎರಡು ತಿಂಗಳು ಆ ಮೂಲೆಯನ್ನಾದರೂ ಬಿಡಿ ಎಂದು ಕೇಳಿಕೊಂಡೆವು. ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರ್ ಸಿಡುಕಲಿಲ್ಲ. ‘ಇಲ್ಲಿ ಹಕ್ಕಿ ಗೂಡು ಕಟ್ಟುತ್ತದೆ ಎನ್ನುವುದಕ್ಕೆ ಏನಾದರೂ ದಾಖಲೆ ಇದೆಯೇನಪ್ಪಾ?’ ಎಂದಷ್ಟೇ ಕೇಳಿದರು. ನಮ್ಮಲ್ಲಿ ನೆನಪಿತ್ತು, ಕಾಗದವಿರಲಿಲ್ಲ. ವಾರದಲ್ಲಿ ಆ ಮೂಲೆಯೂ ಬಯಲಾಯಿತು.

ಆ ಪ್ರಶ್ನೆ ನ್ಯಾಯವಾದದ್ದೇ ಎಂದು ಈಗಲೂ ನನಗನ್ನಿಸುತ್ತದೆ. ನಮ್ಮ ನಾಡಿನಲ್ಲಿ ಹಕ್ಕಿಗಳ ನೆಲೆಗಳು ಉಳಿದಿರುವಲ್ಲೆಲ್ಲ ಯಾರೋ ನೋಡಿದ್ದಾರೆ, ನೋಡಿದ್ದನ್ನು ಬರೆದಿದ್ದಾರೆ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯಲ್ಲಿ ತೊಡಗಿದ್ದಾಗ ಕಾವೇರಿಯ ನಡುಗಡ್ಡೆಗಳಲ್ಲಿ ಕಂಡದ್ದನ್ನು ಮಹಾರಾಜರ ಗಮನಕ್ಕೆ ತಂದದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸಾರ್ ತಾಣವೆನಿಸಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಆ ಪಟ್ಟಿಗೆ ಸೇರಿದವು. ಮಾಗಡಿ ಸುಮಾರು 50 ಹೆಕ್ಟೇರಿನ ಕೆರೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ದಕ್ಷಿಣ ಭಾರತದ ದೊಡ್ಡ ಚಳಿಗಾಲದ ತಂಗುದಾಣಗಳಲ್ಲೊಂದು. ಅಂಕಸಮುದ್ರದ ಸುಮಾರು 99 ಹೆಕ್ಟೇರಿನಲ್ಲಿ 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ನೆಲೆ ಕಂಡಿವೆ. ಇಂಥ ಮನ್ನಣೆಗೆ ಅಳತೆಗೋಲು ಎಣಿಕೆಯೇ: ಒಂದು ಜಾತಿಯ ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇ 1ರಷ್ಟಾದರೂ ಆ ತಾಣವನ್ನು ನಿಯತವಾಗಿ ಆಶ್ರಯಿಸಿದೆಯೆಂಬುದು ರಾಮ್ಸಾರ್ ಮಾನದಂಡಗಳಲ್ಲೊಂದು. ಎಣಿಸದೆ ಶೇಕಡಾವಾರು ಎಲ್ಲಿಂದ ಬರಬೇಕು?

ಮಾಗಡಿ, ಅಂಕಸಮುದ್ರ ಎರಡೂ ನಿಸರ್ಗದತ್ತ ಸರೋವರಗಳಲ್ಲ, ಹಿರಿಯರು ನೀರಾವರಿಗಾಗಿ ಕಟ್ಟಿದ ಕೆರೆಗಳು ಎಂಬುದನ್ನು ಗಮನಿಸಬೇಕು. ಕೇಂದ್ರದ 2017ರ ಜೌಗುಭೂಮಿ ನಿಯಮಗಳು ಕುಡಿಯುವ ನೀರಿಗಾಗಿ ಮತ್ತು ನೀರಾವರಿಗಾಗಿ ಮನುಷ್ಯರು ನಿರ್ಮಿಸಿದ ಜಲಕಾಯಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಕರ್ನಾಟಕದ ಬಯಲುಸೀಮೆಯ ಕೆರೆಗಳಲ್ಲಿ ಹೆಚ್ಚಿನವು ಇಂಥವೇ. ಕಾಗದದ ಮೇಲೆ ‘ಜೌಗುಭೂಮಿ’ ಅಲ್ಲದ ಕೆರೆಯೊಂದು ವಾಸ್ತವದಲ್ಲಿ ಸಾವಿರಾರು ಜೀವಗಳ ಮನೆಯಾಗಿದೆ ಎಂದು ತೋರಿಸಬೇಕಾದರೆ, ವರ್ಷವರ್ಷವೂ ಬಿಡದೆ ಬರೆದ ಸ್ಥಳೀಯ ಲೆಕ್ಕಕ್ಕಿಂತ ಬಲವಾದ ಸಾಕ್ಷ್ಯ ಇನ್ನೊಂದಿಲ್ಲ.

ಈ ಲೆಕ್ಕವನ್ನು ಬರೆಯುವವರಾರು? ಅಧಿಕಾರಿಗಳಿಗೆ ವರ್ಗಾವಣೆಯಿದೆ, ಸಂಶೋಧಕರ ಅನುದಾನಕ್ಕೆ ಅವಧಿಯಿದೆ. ಊರು ಬಿಟ್ಟು ಕದಲದ ಸಂಸ್ಥೆಯೆಂದರೆ ಶಾಲೆ. ಅಲ್ಲಿ ಪ್ರತಿ ಜೂನ್‌ನಲ್ಲಿಯೂ ಹೊಸ ಒಂಬತ್ತನೆಯ ತರಗತಿ ಇದ್ದೇ ಇರುತ್ತದೆ. ಆದ್ದರಿಂದ ಮೂರು ಮಾತುಗಳನ್ನು ಶಿಕ್ಷಕರ, ಪೋಷಕರ ಮುಂದಿಡಬಯಸುತ್ತೇನೆ.

ಮೊದಲನೆಯದು, ಕೆರೆಯ ದಾಖಲೆ ವಿದ್ಯಾರ್ಥಿಯದಾಗದೆ ಶಾಲೆಯದಾಗಬೇಕು. ಹಾಜರಿ ಪುಸ್ತಕವನ್ನು ಕಾಯ್ದಿಡುವ ಕಪಾಟಿನಲ್ಲಿಯೇ ಕೆರೆಯ ಪುಸ್ತಕಕ್ಕೂ ಜಾಗವಿರಲಿ. ಪ್ರತಿವರ್ಷ ಹೊಸ ಪ್ರಾಜೆಕ್ಟ್ ಬೇಡ. ಅದೇ ಪುಸ್ತಕ, ಅದೇ ಮೂರು ಜಾಗ, ಹೊಸ ಕೈಬರಹ. ಹಿರಿಯ ತರಗತಿಯವರು ಕಿರಿಯರಿಗೆ ಎಣಿಕೆಯನ್ನು ಕಲಿಸಿ ಪುಸ್ತಕವನ್ನು ಒಪ್ಪಿಸಿದರೆ ಆ ಒಪ್ಪಿಸುವಿಕೆಗೂ ಅಂಕವಿರಲಿ.

ಎರಡನೆಯದು, ಒಂದು ಎಣಿಕೆ ಜನವರಿಯಲ್ಲಿ ನಡೆಯಲೇಬೇಕು. 1987ರಿಂದ ನಡೆದುಬಂದಿರುವ ಏಷ್ಯಾ ನೀರುಹಕ್ಕಿ ಗಣತಿಯೂ ಅದೇ ತಿಂಗಳಿನದು. ಪರೀಕ್ಷೆಯ ಒತ್ತಡದ ನಡುವೆಯೂ ಒಂದು ಶನಿವಾರದ ಎರಡು ಗಂಟೆ ಹೆಚ್ಚಲ್ಲ. ಮಕ್ಕಳ ಎಣಿಕೆಯನ್ನು ನಂಬಬಹುದೇ ಎಂಬ ಸಂದೇಹ ಸಹಜ. ಹತ್ತಿರದ ಪಕ್ಷಿವೀಕ್ಷಕರೊಬ್ಬರು ಜೊತೆಗಿದ್ದರೆ, ಗುರುತು ಹತ್ತದ ಹಕ್ಕಿಯ ಮುಂದೆ ‘ಗೊತ್ತಾಗಲಿಲ್ಲ’ ಎಂದೇ ಬರೆಯುವ ಶಿಸ್ತಿದ್ದರೆ ಆ ಸಂದೇಹ ಬಹುಮಟ್ಟಿಗೆ ನೀಗುತ್ತದೆ. ನೀರಿನ ಭಯವೂ ಸಹಜವೇ. ಏರಿಯಿಂದ ಇಳಿಯದೆ, ಶಿಕ್ಷಕರ ಕಣ್ಣಳತೆಯಲ್ಲಿ ಎಣಿಸುವುದು ನಿಯಮವಾಗಿರಲಿ.

ಮೂರನೆಯದು, ಲೆಕ್ಕ ಕಪಾಟಿನಲ್ಲಿಯೇ ಕೊಳೆಯಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಿಂದ ಮಹಾನಗರದವರೆಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ. ಫೆಬ್ರುವರಿ 2 ವಿಶ್ವ ಜೌಗುಭೂಮಿ ದಿನ. ಅಂದು ಭಾಷಣ, ಮೆರವಣಿಗೆಗಳಿಗೆ ಬದಲಾಗಿ ಶಾಲೆಯ ಮಕ್ಕಳು ಆ ವರ್ಷದ ಎಣಿಕೆಯ ಪ್ರತಿಯನ್ನು ಸಮಿತಿಗೆ ಸಲ್ಲಿಸಿ, ಸ್ವೀಕೃತಿ ಪಡೆದು ಬರಲಿ. ಮುದ್ರೆ ಬಿದ್ದ ಆ ಒಂದು ಹಾಳೆ, ನೂರು ಘೋಷಣಾ ಫಲಕಗಳು ಮಾಡದ ಕೆಲಸವನ್ನು ಮಾಡಬಲ್ಲದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಹುಣಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನವರೇ ಸಾಕಿ ಬಿಟ್ಟಿದ್ದಾರೆ. 2007ರಲ್ಲಿ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸುವುದಕ್ಕೆ ಎಷ್ಟೋ ಮೊದಲೇ ಊರು ಆ ಹಕ್ಕಿಗಳನ್ನು ತನ್ನವೆಂದು ಒಪ್ಪಿಕೊಂಡಿತ್ತು. ನಗರದ ಮಕ್ಕಳಾದ ನಮ್ಮ ಅಂಗಳದಲ್ಲಿ ಹುಣಸೆಮರವಿಲ್ಲ, ಆ ಪರಂಪರೆಯೂ ಇಲ್ಲ. ತನ್ನದೆಂಬ ಭಾವ ನಮಗೆ ಎಣಿಸುವುದರಿಂದಲೇ ಬರಬೇಕು. ಕಳೆದ ಜನವರಿಯಲ್ಲಿ ಇದ್ದದ್ದೆಷ್ಟು, ಈ ಜನವರಿಯಲ್ಲಿ ಉಳಿದದ್ದೆಷ್ಟು ಎಂದು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಪುಸ್ತಕ ತೆರೆದು ಹೇಳುವಂತಾದ ದಿನ, ಕೆರೆಯ ಬಗ್ಗೆ ತೀರ್ಮಾನ ಕೈಗೊಳ್ಳುವವರು ಅವಳಿಗೆ ಉತ್ತರ ಕೊಡಲೇಬೇಕಾಗುತ್ತದೆ.