ಬೋರಿನ ನೀರು, ಇಡಿಟಿಎ ಮತ್ತು ನಮ್ಮ ಚರ್ಮ

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆಯೋ ಪ್ರಯೋಗ ಎಲ್ಲರೂ ಮಾಡಿರ್ತೀವಿ. ನಾವು ಮೂವರು ರೂಮ್‌ಮೇಟ್‌ಗಳು ದೇವರ ಹಿಪ್ಪರಗಿಯಿಂದ ಬಾಟಲಿಯಲ್ಲಿ ತಂದ ಬೋರಿನ ನೀರನ್ನೂ ಟೈಟ್ರೇಟ್ ಮಾಡಿದ್ವಿ. ಕೆಂಪು ನೀಲಿಗೆ ತಿರುಗೋಷ್ಟರಲ್ಲಿ ಬ್ಯುರೆಟ್ ಇಳೀತಾನೇ ಹೋಯ್ತು. (ಮಡಿವಾಳ ಮಾಚಯ್ಯನವರ ಊರಲ್ಲೇ ಸೋಪಿಗೆ ನೊರೆ ಬರಲ್ಲ ಅನ್ನೋದು ನಮ್ಮ ಹಳೇ ಜೋಕು.) ಬ್ಯುರೆಟ್‌ನಲ್ಲಿದ್ದದ್ದು ಇಡಿಟಿಎ. ಅದು ಕ್ಯಾಲ್ಸಿಯಂ ಅಯಾನನ್ನು ಏಡಿಯ ಹಾಗೆ ಹಿಡಿದುಬಿಡುತ್ತೆ.

ಅಂಟಿಕೊಂಡ ಜೀವಕೋಶಗಳನ್ನು ಬಿಡಿಸೋಕೂ ಇದೇ ಇಡಿಟಿಎ ಬಳಸ್ತಾರೆ ಅಂತ ಈ ವರ್ಷ ಗೊತ್ತಾಯ್ತು. ಹಾಗಾದರೆ ಕೋಶಗಳ ನಡುವಿನ ಅಂಟು ಕ್ಯಾಲ್ಸಿಯಮ್ಮೇನಾ? ಅಲ್ಲ. ಹಿಡಿಯೋ ಕೆಲಸ ಕ್ಯಾಡ್ಹೆರಿನ್ ಅನ್ನೋ ಪ್ರೋಟೀನಿನದು. ಕೋಶದ ಹೊರಗೆ ಚಾಚಿರೋ ಅದರ ಭಾಗ ಐದು ಮಣಿ ಪೋಣಿಸಿದ ದಾರದ ಹಾಗಿದೆ. ಮಣಿಗಳ ಸಂದಿಯಲ್ಲಿ ಕ್ಯಾಲ್ಸಿಯಂ ಕೂತರೆ ದಾರ ಕಡ್ಡಿಯಂತೆ ಸೆಟೆದು, ಪಕ್ಕದ ಕೋಶದ ಕ್ಯಾಡ್ಹೆರಿನ್‌ಗೆ ತುದಿಯಿಂದ ಕೊಂಡಿ ಹಾಕುತ್ತೆ. ಕ್ಯಾಲ್ಸಿಯಂ ತೆಗೆದರೆ ದಾರ ಜೋಲುತ್ತೆ. ಒಂದೊಂದು ಕೊಂಡಿಯೂ ದುರ್ಬಲವೇ, ಆದರೆ ಸಾಲಾಗಿ ತುಂಬಾ ಇರ್ತಾವೆ. ಕೋಶದ ಒಳಗಡೆ ಕ್ಯಾಟೆನಿನ್ ಅನ್ನೋ ಪ್ರೋಟೀನುಗಳು ಇದನ್ನು ಆಕ್ಟಿನ್ ಎಳೆಗಳಿಗೆ ಕಟ್ಟಿರ್ತಾವೆ. ಹಾಗಾಗಿ ಎಳೆತ ಬಿದ್ದರೆ ಇಡೀ ಪದರ ಹಂಚಿಕೊಂಡು ತಡೆಯುತ್ತೆ.

'ಹಂಗಾರ ನಮ್ಮೂರ ನೀರು ಕುಡದ್ರ ಚರ್ಮ ಗಟ್ಟಿ ಆಗ್ತೈತೇನಲೇ?' ಅಂತ ನಮ್ಮಲ್ಲೊಬ್ಬ ಕೇಳಿದ. ಇಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹ ತಾನೇ ಬಿಗಿಯಾಗಿ ಕಾಯುತ್ತೆ.

ಇದನ್ನು ಕಂಡುಹಿಡಿದದ್ದೂ ಇಡಿಟಿಎಯಿಂದಲೇ. ಜಪಾನಿನ ಮಸಾತೋಶಿ ತಾಕೇಯಿಚಿ 1970ರ ದಶಕದಲ್ಲಿ ಕ್ಯೋಟೋದಿಂದ ಅಮೆರಿಕಕ್ಕೆ ಹೋದಾಗ, ಊರಲ್ಲಿ ಬಿಡಿಸಿದ ಮೇಲೂ ಮತ್ತೆ ಅಂಟಿಕೊಳ್ತಿದ್ದ ಕೋಶಗಳು ಅಲ್ಲಿ ಅಂಟಲೇ ಇಲ್ಲ. ಅಲ್ಲಿನ ಟ್ರಿಪ್ಸಿನ್ ದ್ರಾವಣದಲ್ಲಿ ಇಡಿಟಿಎ ಬೆರೆಸಿದ್ದರು. ಕ್ಯಾಲ್ಸಿಯಂ ಇಲ್ಲದಿದ್ದಾಗ ಟ್ರಿಪ್ಸಿನ್ ಆ ಪ್ರೋಟೀನನ್ನೇ ಕತ್ತರಿಸಿ ಹಾಕ್ತಿತ್ತು. 1984ರಲ್ಲಿ ಅದಕ್ಕೆ ಕ್ಯಾಡ್ಹೆರಿನ್ ಅಂತ ಹೆಸರಾಯ್ತು.

ಚರ್ಮದಲ್ಲಿ ಇದೇ ಕುಟುಂಬದ ಡೆಸ್ಮೋಗ್ಲೀನ್ ಇದೆ. ಪೆಂಫಿಗಸ್ ರೋಗದಲ್ಲಿ ನಮ್ಮದೇ ಆ್ಯಂಟಿಬಾಡಿಗಳು ಅದರ ಮೇಲೆ ಬೀಳ್ತಾವೆ. ಕೋಶಗಳು ಕೈಬಿಟ್ಟು, ನಡುವೆ ನೀರು ತುಂಬಿ ಬೊಬ್ಬೆ ಏಳುತ್ತೆ. ನಮ್ಮ ಕಡೆ ಬೊಬ್ಬೆ ಅಂದ ಕೂಡಲೇ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿ ಕೂರೋರಿದ್ದಾರೆ. ಸರ್ಪಸುತ್ತು ವೈರಸ್ಸಿಂದ ಬರೋದು, ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಪಟ್ಟಿಯಂತೆ ಇರುತ್ತೆ. ಪೆಂಫಿಗಸ್ ಎಷ್ಟೋ ಸಲ ಬಾಯಿಯ ಹುಣ್ಣಿನಿಂದ ಶುರುವಾಗುತ್ತೆ, ವಾರಗಟ್ಟಲೆ ಆರಲ್ಲ. ಸ್ಟೀರಾಯ್ಡ್ ಬರೋಕೆ ಮುಂಚೆ ಇದು ಬಂದ ಹೆಚ್ಚಿನವರು ಬದುಕ್ತಿರಲಿಲ್ಲ. ಈಗ ಸ್ಟೀರಾಯ್ಡ್ ಜೊತೆ ರಿಟುಕ್ಸಿಮ್ಯಾಬ್ ಕೂಡ ಇದೆ. ಚರ್ಮದ ಡಾಕ್ಟರು ಸಣ್ಣ ಬಯಾಪ್ಸಿ ತೆಗೆದು, ಕೋಶಗಳು ಎಲ್ಲಿ ಬಿಟ್ಟುಕೊಂಡಿವೆ ಅಂತ ಮೈಕ್ರೋಸ್ಕೋಪಿನಲ್ಲೇ ನೋಡ್ತಾರೆ.