ಸಾಂಬ್ರಾದಿಂದ ಹಡಗಿನ ಮೆಟ್ಟಿಲವರೆಗೆ

ಬೈಲಹೊಂಗಲದಿಂದ ಸಮುದ್ರ ಎಷ್ಟು ದೂರ? ಭೂಪಟದ ಮೇಲೆ ಪಟ್ಟಿ ಇಟ್ಟು ಅಳೆದರೆ 150 ಕಿಲೋಮೀಟರೂ ಆಗಲಾರದು. ಆದರೂ ನಮ್ಮ ಕಡೆಯ ಜನಕ್ಕೆ ಸಮುದ್ರವೆಂದರೆ ಗೋವೆಯ ದಂಡೆಯಲ್ಲಿ ಕಾಲು ತೋಯಿಸಿಕೊಂಡು ಬರುವುದಷ್ಟೇ ಆಗಿತ್ತು. ಈಚಿನ ವರ್ಷಗಳಲ್ಲಿ ಸ್ಥಿತಿ ಬದಲಾಗಿದೆ. ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ತಂದೆತಾಯಿಯರಿಗೆ ಮೂರು ನಾಲ್ಕು ದಿನಗಳ ಹಡಗಿನ ಪ್ರವಾಸದ ಟಿಕೆಟ್ ತೆಗೆಸಿಕೊಡುತ್ತಿದ್ದಾರೆ. ಪ್ರವಾಸ ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮ ಪ್ರಸಾರವಾದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ವೀಕ್ಷಕರು ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ವಿಮಾನ ಇಳಿದ ಮೇಲೆ ಹಡಗಿನವರೆಗೆ ಹೋಗುವುದು ಹೇಗೆ? ಸ್ಟುಡಿಯೋದಲ್ಲಿ ವೇಳೆ ಸಾಲದೆ ಬಿಟ್ಟುಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2022ರ ಡಿಸೆಂಬರಿನಲ್ಲಿ ಬೈಲಹೊಂಗಲದ ನಮ್ಮ ಕಾಕಾ, ಕಾಕು ಇಬ್ಬರಿಗೂ ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಜಾಗ ಕಾಯ್ದಿರಿಸಿದವನು ನಾನೇ. ವಿಮಾನದ ಟಿಕೆಟ್ ತೆಗೆಸಿದವನೂ ನಾನೇ. ಹಡಗು ಸಂಜೆ 5ಕ್ಕೆ ಹೊರಡುತ್ತದೆ, ವಿಮಾನ ಮಧ್ಯಾಹ್ನ 1ಕ್ಕೆ ಇಳಿಯುತ್ತದೆ, ನಡುವೆ ನಾಲ್ಕು ತಾಸು ಇವೆ, 25 ಕಿಲೋಮೀಟರಿಗೆ ಇನ್ನೆಷ್ಟು ಬೇಕು ಎಂದು ಲೆಕ್ಕ ಹಾಕಿದ್ದೆ. ವಿಜ್ಞಾನ ಓದಿದವನ ಲೆಕ್ಕ ಅದು. ದೂರ ಭಾಗಿಸು ವೇಗ. ವಿಮಾನ ಒಂದೂವರೆ ತಾಸು ತಡವಾಯಿತು. ಸಾಮಾನು ಬರುವುದು ತಡವಾಯಿತು. ದಾದರಿನಿಂದಾಚೆ ರಸ್ತೆಯಲ್ಲಿ ವಾಹನಗಳು ಕದಲಲಿಲ್ಲ. ಸಂಜೆ 4 ಗಂಟೆ 20 ನಿಮಿಷಕ್ಕೆ ಕಾಕಾ ಬಂದರಿನ ಬಾಗಿಲಿನಿಂದ ನನಗೆ ಫೋನ್ ಮಾಡಿದರು. "ಹಡಗ ಇಲ್ಲೇ ನಿಂತೈತೋ ತಮ್ಮಾ, ಮ್ಯಾಲಿನ ಮಜಲಿ ಕಾಣಾಕತ್ತೈತಿ. ಖರೆ ನಮ್ಮನ್ನ ಒಳಗ ಬಿಡವಲ್ರು." ಇನ್ನೂ 40 ನಿಮಿಷ ಉಳಿದಿದ್ದವು. ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಕಾಕು ಆ ಹೊತ್ತು ಅತ್ತರಂತೆ. ಹಣ ಹೋದದ್ದಕ್ಕಲ್ಲ, ಊರಲ್ಲೆಲ್ಲ ಹೇಳಿ ಬಂದಿದ್ದಕ್ಕೆ.

ಕಣ್ಣೆದುರು ನಿಂತಿರುವ ಹಡಗಿಗೆ ಯಾಕೆ ಬಿಡುವುದಿಲ್ಲ? ಇದು ಕಾವಲುಗಾರನ ಹಟವಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಭಾರೀ ಪ್ರವಾಸಿ ಹಡಗು ಬಂಡೆಗೆ ಬಡಿದು ವಾಲಿತು. 32 ಮಂದಿ ಸತ್ತರು. ಅಂದೇ ಸಂಜೆ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಅಪಾಯ ಬಂದಾಗ ಎಲ್ಲಿ ಸೇರಬೇಕು, ಯಾವ ದೋಣಿ ಹತ್ತಬೇಕು ಎಂಬುದನ್ನು ಇನ್ನೂ ತೋರಿಸಿಯೇ ಇರಲಿಲ್ಲ. ಆಗಿನ ನಿಯಮದಂತೆ ಈ ಕವಾಯತನ್ನು ಹತ್ತಿದ 24 ತಾಸಿನೊಳಗೆ ಮಾಡಿಸಿದರೆ ಸಾಕಿತ್ತು. ಆ ದುರಂತದ ಬಳಿಕ ಅಂತರರಾಷ್ಟ್ರೀಯ ನಿಯಮವನ್ನೇ ತಿದ್ದಲಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಹೊಸ ಪ್ರಯಾಣಿಕರೆಲ್ಲರಿಗೂ ಕವಾಯತು ಆಗಲೇಬೇಕು. ಅದಕ್ಕೆ ಹಡಗಿನಲ್ಲಿರುವವರ ಪಟ್ಟಿ ಮುಂಚೆಯೇ ಪೂರ್ಣವಾಗಬೇಕು. ಜೊತೆಗೆ ಬಂದರಿನೊಳಗೆ ದಾರಿ ತೋರಿಸಲು ಪೈಲಟ್ ಎಂಬ ನುರಿತ ನಾವಿಕ ಹಡಗನ್ನು ಹತ್ತುತ್ತಾನೆ, ಎಳೆದು ತಿರುಗಿಸಲು ಟಗ್ ದೋಣಿಗಳು ಬರುತ್ತವೆ. ಇವೆಲ್ಲವೂ ಗೊತ್ತುಪಡಿಸಿದ ಹೊತ್ತಿಗೆ ಒಂದು ಹಡಗಿಗೆ ಮಾತ್ರ ಸಿಗುವಂಥವು. ನಮ್ಮೂರಿನ ಬಸ್ಸಿನ ಹಾಗೆ ಕಂಡಕ್ಟರ್ ಸೀಟಿ ಊದಿ ಎರಡು ನಿಮಿಷ ನಿಲ್ಲಿಸುವ ವ್ಯವಹಾರ ಅಲ್ಲಿಲ್ಲ.

ಆದ್ದರಿಂದ ಹಡಗಿನ ಟಿಕೆಟ್ಟಿನಲ್ಲಿ ನೀವು ಮೊದಲು ನೋಡಬೇಕಾದದ್ದು ಹೊರಡುವ ವೇಳೆಯನ್ನಲ್ಲ, ಬಾಗಿಲು ಮುಚ್ಚುವ ವೇಳೆಯನ್ನು. ಅದು ಸಣ್ಣ ಅಕ್ಷರದಲ್ಲಿರುತ್ತದೆ. ಕಾಣದಿದ್ದರೆ ಬರೆದು ಕೇಳಿ. ಆ ವೇಳೆಯಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಬಾಗಿಲು 3 ಗಂಟೆಗೆ ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. ಮುಂಬಯಿಯಲ್ಲಿ ವಿಮಾನ ನಿಲ್ದಾಣದಿಂದ ಬಂದರಿಗೆ ಒಂದೂವರೆ ತಾಸು ತೆಗೆದಿಡಿ. ಸಾಮಾನು ಕೈಸೇರಿ ಹೊರಬರಲು ಮುಕ್ಕಾಲು ತಾಸು. ವಿಮಾನ ತಡವಾದರೆ ಇರಲೆಂದು ಮೂರು ತಾಸು. ಅಂದರೆ ಬೆಳಿಗ್ಗೆ 9 ಗಂಟೆ 45 ನಿಮಿಷಕ್ಕೆ ಮೊದಲೇ ನೀವು ಮುಂಬಯಿಯ ನೆಲದ ಮೇಲಿರಬೇಕು. ರಾಮದುರ್ಗದವರು ಸಾಂಬ್ರಾ ತಲುಪಲು 100 ಕಿಲೋಮೀಟರಿನ ಹತ್ತಿರ ಬರಬೇಕು. ಅದೂ ಹಡಗಿನ ಪ್ರವಾಸದ ಕಾಲ ಚಳಿಗಾಲ. ಆಗಲೇ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ಸಿಕ್ಕವರಿಗೆ ಅದರ ರುಚಿ ಗೊತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಸುತ್ತಮುತ್ತ ಸವದತ್ತಿಯ ದಾರಿಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳ ಸಾಲೇ ಇರುತ್ತದೆ. ಲೆಕ್ಕ ಹಾಕಿ ನೋಡಿದರೆ ಉತ್ತರ ತಾನಾಗಿಯೇ ಬರುತ್ತದೆ: ಹಿಂದಿನ ದಿನವೇ ಹೊರಡಬೇಕು.

ವಿಮಾನವೇ ಬೇಕೆಂದರೆ ದಿನದ ಮೊದಲ ವಿಮಾನ ಹಿಡಿಯಿರಿ. ಇದಕ್ಕೆ ಕಾರಣ ನಮ್ಮ ವಸ್ತಿ ಬಸ್ಸಿನದೇ. ರಾತ್ರಿ ಊರಲ್ಲಿ ತಂಗಿದ ಬಸ್ಸು ನಸುಕಿನಲ್ಲಿ ವೇಳೆಗೆ ಸರಿಯಾಗಿ ಬಿಡುತ್ತದೆ. ಮಧ್ಯಾಹ್ನದ ಬಸ್ಸು ನಾಲ್ಕು ಊರು ಸುತ್ತಿ ಬರುವಷ್ಟರಲ್ಲಿ ಎಲ್ಲ ಊರಿನ ತಡವನ್ನೂ ಹೊತ್ತು ತರುತ್ತದೆ. ವಿಮಾನವೂ ಒಂದೇ ದಿನದಲ್ಲಿ ಹೀಗೆಯೇ ಊರೂರು ಸುತ್ತುತ್ತದೆ. ಬೈಲಹೊಂಗಲದವರು ನೇಸರಗಿಯ ಮೇಲೆ ಬಂದರೆ ಬೆಳಗಾವಿ ಪೇಟೆಯೊಳಗೆ ಹೋಗದೆಯೇ ಸಾಂಬ್ರಾ ಮುಟ್ಟಬಹುದು. ಕಿತ್ತೂರು, ಸವದತ್ತಿಯವರು ಹುಬ್ಬಳ್ಳಿಯ ವಿಮಾನ ನಿಲ್ದಾಣವನ್ನೂ ವಿಚಾರಿಸಬೇಕು. ಯಾವ ದಿನ, ಯಾವ ವೇಳೆಗೆ ಮುಂಬಯಿಗೆ ವಿಮಾನವಿದೆ ಎಂಬ ಪಟ್ಟಿ ಮಾರ್ಚ್ ಕೊನೆಗೊಮ್ಮೆ, ಅಕ್ಟೋಬರ್ ಕೊನೆಗೊಮ್ಮೆ ಬದಲಾಗುತ್ತದೆ. ಹೋದ ವರ್ಷ ಹೋಗಿ ಬಂದ ನೆಂಟರ ಮಾತಿನ ಮೇಲೆ ನೆಚ್ಚಬೇಡಿ.

ಇನ್ನು ಮುಂಬಯಿ. ಅಲ್ಲಿನ ಪ್ರವಾಸಿ ಹಡಗುಗಳ ಹೊಸ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಸ್ಥಳ ಮಾತ್ರ ಹಳೆಯದೇ, ಕೋಟೆ ಭಾಗದ ಬಲ್ಲಾರ್ಡ್ ಪಿಯರ್. ಟ್ಯಾಕ್ಸಿಯವನಿಗೆ ಬರೀ 'ಹಡಗಿನ ಧಕ್ಕೆ' ಎಂದರೆ ಅವನು ನಿಮ್ಮನ್ನು ಭಾವೂಚಾ ಧಕ್ಕಾಕ್ಕೆ ಒಯ್ದಾನು, ಇಲ್ಲವೇ ಗೇಟ್‌ವೇ ಆಫ್ ಇಂಡಿಯಾಕ್ಕೆ. ಎರಡೂ ಕಡೆ ದೋಣಿಗಳಿವೆ, ಆದರೆ ನಿಮ್ಮ ಹಡಗಿಲ್ಲ. 'ಬಲ್ಲಾರ್ಡ್ ಪಿಯರ್, ಕ್ರೂಸ್ ಟರ್ಮಿನಲ್' ಎಂದು ಪೂರ್ತಿ ಹೇಳಿ; ಟಿಕೆಟ್ಟಿನಲ್ಲಿ ಬಂದರಿನ ಬಾಗಿಲಿನ ಹೆಸರಿದ್ದರೆ ಅದನ್ನೂ ಹೇಳಿ. ಬಂದರಿನ ಗೋಡೆ ಬಹಳ ಉದ್ದ. ತಪ್ಪು ಬಾಗಿಲಿಗೆ ಇಳಿದರೆ ಸಾಮಾನು ಹೊತ್ತು ನಡೆಯುವುದು ವಯಸ್ಸಾದವರ ಕೆಲಸವಲ್ಲ.

ಟ್ಯಾಕ್ಸಿಗಿಂತ ನಂಬಿಕೆಯ ದಾರಿಯೊಂದು ಈಗ ಬಂದಿದೆ. 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆದ ಮೆಟ್ರೋ 3ನೆಯ ಮಾರ್ಗ ನೆಲದೊಳಗೆ ಓಡುತ್ತದೆ. ವಿಮಾನ ನಿಲ್ದಾಣದ ಎರಡು ಟರ್ಮಿನಲ್‌ಗಳಿಗೂ ಅದರಲ್ಲಿ ನಿಲುಗಡೆಯಿದೆ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೂ ಇದೆ. ಮುಕ್ಕಾಲು ತಾಸಿನ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ಮೇಲಿನ ರಸ್ತೆಯ ಗದ್ದಲ ಅದಕ್ಕೆ ತಾಗುವುದಿಲ್ಲ. ಅಲ್ಲಿಂದ ಬಲ್ಲಾರ್ಡ್ ಪಿಯರ್ 2 ಕಿಲೋಮೀಟರಿನ ಹಾದಿ, ಟ್ಯಾಕ್ಸಿ ಸಾಕು. ದೊಡ್ಡ ಪೆಟ್ಟಿಗೆಗಳಿದ್ದರೆ ಮಾತ್ರ ಮೆಟ್ರೋ ಕಷ್ಟ.

ಒಂದು ಎಚ್ಚರಿಕೆ: 2025ರ ಡಿಸೆಂಬರಿನಿಂದ ನವಿ ಮುಂಬಯಿಯಲ್ಲಿ ಇನ್ನೊಂದು ವಿಮಾನ ನಿಲ್ದಾಣ ನಡೆಯುತ್ತಿದೆ. ನಿಮ್ಮ ವಿಮಾನ ಅಲ್ಲಿ ಇಳಿದರೆ ಈ ಮೆಟ್ರೋ ಉಪಯೋಗಕ್ಕಿಲ್ಲ. ಖಾಡಿಯ ಆಚೆಯಿಂದ ಅಟಲ್ ಸೇತುವೆಯ ಮೇಲೆ ಕಾರಿನಲ್ಲಿ ಬರಬೇಕು. ಟಿಕೆಟ್ಟಿನ ಮೇಲೆ ಬರೀ 'ಮುಂಬಯಿ' ಎಂದು ಓದಿ ಸುಮ್ಮನಾಗಬೇಡಿ.

ಇದೇ ಗೊಂದಲ ಗೋವೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಹಡಗು ನಿಲ್ಲುವುದು ವಾಸ್ಕೋದ ಪಕ್ಕದ ಮುರಗಾಂವ ಬಂದರಿನಲ್ಲಿ. ದಾಬೋಲಿಂ ವಿಮಾನ ನಿಲ್ದಾಣದಿಂದ ಅದು 10 ಕಿಲೋಮೀಟರಿನೊಳಗೆ. ಆದರೆ 2023ರ ಜನವರಿಯಲ್ಲಿ ವಿಮಾನ ಹಾರಾಟ ಆರಂಭಿಸಿದ ಮೋಪಾ ನಿಲ್ದಾಣ ಗೋವೆಯ ಉತ್ತರ ತುದಿಯಲ್ಲಿದೆ; ಅಲ್ಲಿಂದ ಮಾಂಡೋವಿ, ಜುವಾರಿ ಎರಡೂ ನದಿ ದಾಟಿ 60 ಕಿಲೋಮೀಟರಿನ ಆಸುಪಾಸು ಬರಬೇಕು. ಟಿಕೆಟ್ಟಿನಲ್ಲಿ ದಾಬೋಲಿಂಗೆ ಜಿ-ಒ-ಐ, ಮೋಪಾಕ್ಕೆ ಜಿ-ಒ-ಎಕ್ಸ್ ಎಂಬ ಮೂರಕ್ಷರ ಇರುತ್ತದೆ. ಒಂದಕ್ಷರದಲ್ಲಿ 50 ಕಿಲೋಮೀಟರಿನ ವ್ಯತ್ಯಾಸ! ನನ್ನನ್ನು ಕೇಳಿದರೆ, ಗೋವೆಯಿಂದ ಹಡಗು ಹತ್ತುವ ನಮ್ಮ ಕಡೆಯವರಿಗೆ ವಿಮಾನದ ಗೊಡವೆಯೇ ಬೇಡ. ಬೆಳಗಾವಿಯಿಂದ ಘಟ್ಟ ಇಳಿದರೆ 150 ಕಿಲೋಮೀಟರಿನೊಳಗೆ ಬಂದರು. ಮಂಗಳೂರಿನಲ್ಲೂ ಬಜ್ಪೆಯಿಂದ ಪಣಂಬೂರಿನ ಬಂದರು ಹತ್ತಿರವೇ. ಆದರೆ ಅಲ್ಲಿಗೆ ಬರುವ ಪ್ರವಾಸಿ ಹಡಗುಗಳು ಹೆಚ್ಚಾಗಿ ಊರು ನೋಡಲು ಜನರನ್ನು ಇಳಿಸಿ ಸಂಜೆಗೆ ಮತ್ತೆ ಹತ್ತಿಸಿಕೊಂಡು ಹೋಗುವಂಥವು.

ಮುಂಬಯಿಯಲ್ಲಿ ತಪ್ಪಿದರೆ ಮರುದಿನ ಗೋವೆಯಲ್ಲಿ ಹತ್ತಬಹುದಲ್ಲ ಎಂದು ಅಂದು ನಮ್ಮ ಕಾಕಾ ಕೂಡ ಕೇಳಿದ್ದರು. ಕಂಪನಿಯ ಮುಂಗಡ ಒಪ್ಪಿಗೆ ಇಲ್ಲದೆ ಹಾಗೆ ಆಗುವುದಿಲ್ಲ. ವಿಮಾನದ ಟಿಕೆಟ್ಟೂ ಹಡಗಿನ ಟಿಕೆಟ್ಟೂ ಬೇರೆ ಬೇರೆಯಾಗಿ ಕೊಂಡಿದ್ದರೆ ಒಬ್ಬರ ತಡಕ್ಕೆ ಇನ್ನೊಬ್ಬರು ಹೊಣೆಯಲ್ಲ ಎಂಬುದೂ ನೆನಪಿರಲಿ.

ಹಿಂದೆ ವ್ಯವಸ್ಥೆ ಬೇರೆ ಇತ್ತು. 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್ ರೈಲು ಇದೇ ಬಲ್ಲಾರ್ಡ್ ಪಿಯರ್‌ನಲ್ಲಿ ವಿಲಾಯತಿಯ ಟಪಾಲು ಹಡಗಿನಿಂದ ಇಳಿದವರನ್ನು ಹತ್ತಿಸಿಕೊಂಡು ಪೇಶಾವರದ ಕಡೆಗೆ ಹೊರಡುತ್ತಿತ್ತು. ಹಡಗಿಗಾಗಿ ರೈಲು ಕಾಯುತ್ತಿದ್ದ ಕಾಲ. ನಮ್ಮ ದೇಶದ ಹಜ್ ಯಾತ್ರಿಕರು 1995ರವರೆಗೂ ಮುಂಬಯಿಯಿಂದ ಹಡಗಿನಲ್ಲಿ ಜೆಡ್ಡಾಕ್ಕೆ ಹೋಗುತ್ತಿದ್ದರು. ಹಡಗಿನ ದಿನಕ್ಕೆ ಎಷ್ಟೋ ಮುಂಚೆಯೇ ಮುಂಬಯಿ ಸೇರಿ ಮುಸಾಫಿರಖಾನೆಯಲ್ಲಿ ಕಾದಿರುವುದು ರೂಢಿ. ಅವರಿಗೆ ಗೊತ್ತಿದ್ದದ್ದನ್ನು ವಿಮಾನ ನಮಗೆ ಮರೆಸಿತು.

ಸಾಮಾನಿನ ವಿಷಯದಲ್ಲಿ ನಮ್ಮವರಿಗೆ ಎರಡು ಮಾತು. ಎಲ್ಲಮ್ಮನ ಗುಡ್ಡದಲ್ಲಿ ಉಡಿ ತುಂಬಿದ ಒಣಕೊಬ್ಬರಿಯ ಬಟ್ಟಲನ್ನು ವಿಮಾನದ ಸಾಮಾನಿನಲ್ಲಿ ಇಡಬೇಡಿ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು; ಗಾಳಿಯ ಆಮ್ಲಜನಕ ಸೇರಿ ತಾನಾಗಿಯೇ ಕಾಯಬಲ್ಲ ವಸ್ತು ಎಂದು ಅದನ್ನು ಬೆಂಕಿ ಹೊತ್ತುವ ಪದಾರ್ಥಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಒಂದು ಬಟ್ಟಲಿಗಾಗಿ ಪೆಟ್ಟಿಗೆ ಬಿಚ್ಚಿಸಿದರೆ ಅರ್ಧ ತಾಸು ಹೋಯಿತು. ಇನ್ನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ: ವಿಮಾನ ಬಿಟ್ಟರೂ ಹಡಗಿನವರು ಹೊರಗಿನ ಅಡುಗೆಗೆ ಆಕ್ಷೇಪ ಮಾಡಬಹುದು, ಮೊದಲೇ ಕೇಳಿಕೊಳ್ಳಿ. ಗುರುತಿನ ಚೀಟಿಯಲ್ಲಿ ಮನೆತನದ ಹೆಸರು ಹಿಂದಿದ್ದು ಟಿಕೆಟ್ಟಿನಲ್ಲಿ ಮುಂದಿದ್ದರೆ ಮನೆಯಲ್ಲಿರುವಾಗಲೇ ಸರಿಪಡಿಸಿ. ಹಡಗು ಪರದೇಶದ ಬಂದರಿಗೆ ಹೋಗುವುದಾದರೆ ಪಾಸ್‌ಪೋರ್ಟ್ ಬೇಕೇ ಬೇಕು.

ಮೊಣಕಾಲು ನೋವಿದ್ದವರಿಗೆ ಇನ್ನೊಂದು ಸಂಗತಿ. ಮುಂಬಯಿಯ ಸಮುದ್ರ ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಆ ಏರಿಳಿತ 4 ಮೀಟರಿನಷ್ಟಾಗುವುದೂ ಉಂಟು. ಧಕ್ಕೆ ಇದ್ದಲ್ಲೇ ಇರುತ್ತದೆ, ಹಡಗು ನೀರಿನೊಡನೆ ಮೇಲೆ ಕೆಳಗೆ ಆಗುತ್ತದೆ. ಆದ್ದರಿಂದ ಎರಡನ್ನೂ ಜೋಡಿಸುವ ಮೆಟ್ಟಿಲು ಹಾದಿ ಒಂದು ಹೊತ್ತಿಗೆ ಸಪಾಟಾಗಿದ್ದರೆ ಇನ್ನೊಂದು ಹೊತ್ತಿಗೆ ಕಡಿದಾಗಿರುತ್ತದೆ. ಗಾಲಿಕುರ್ಚಿ ಬೇಕಾದವರು ಟಿಕೆಟ್ ತೆಗೆಸುವಾಗಲೇ ತಿಳಿಸಬೇಕು.

ಕಾಕಾ, ಕಾಕು 2024ರ ಜನವರಿಯಲ್ಲಿ ಮತ್ತೆ ಹೋದರು. ಈ ಸಲ ಟಿಕೆಟ್ ತೆಗೆಸುವ ಕೆಲಸ ನನಗೆ ಕೊಡಲಿಲ್ಲ. ಎರಡು ದಿನ ಮೊದಲೇ ಹುಬ್ಬಳ್ಳಿಯಿಂದ ಬರುವ ದಾದರ್ ರೈಲನ್ನು ಬೆಳಗಾವಿಯಲ್ಲಿ ಹತ್ತಿ, ಬೆಳಿಗ್ಗೆ ಮುಂಬಯಿಯಲ್ಲಿ ಇಳಿದು, ಒಂದು ರಾತ್ರಿ ನೆಂಟರ ಮನೆಯಲ್ಲಿದ್ದು, ಮರುದಿನ 11 ಗಂಟೆಗೇ ಬಂದರಿನ ಬಾಗಿಲಲ್ಲಿ ಹೋಗಿ ಕುಳಿತರಂತೆ. ಬಾಗಿಲು ಇನ್ನೂ ತೆರೆದಿರಲಿಲ್ಲ. "ಕುಂದರ್ಲಿಕ್ಕೆ ನೆಳ್ಳೈತಿ, ಬುತ್ತಿ ಬಿಚ್ಚೇವಿ" ಎಂದು ಕಾಕು ಫೋನಿನಲ್ಲಿ ಹೇಳಿದರು.