ದೇವಿಯ ಹೆಸರಲ್ಲಿ ಓಡಿದರೆ ಯಾರೂ ಕೇಳುವುದಿಲ್ಲ

ನವರಾತ್ರಿಯ ಘಟಸ್ಥಾಪನೆಯ ಹಿಂದಿನ ದಿನ ವಣಿ–ದಿಂಡೋರಿ–ನಾಸಿಕ್ ರಸ್ತೆಯಲ್ಲಿ ಕಾರು ಓಡಿಸುವವರು ತಾಳ್ಮೆ ಕಟ್ಟಿಕೊಂಡೇ ಹೊರಡಬೇಕು. ಸಂಜೆಯಾದರೆ ಸಾಕು, ಒಂದರ ಹಿಂದೊಂದು ಟೆಂಪೊಗಳ ಸಾಲು. ಪ್ರತಿ ಟೆಂಪೊದ ಮುಂದೆ ಒಬ್ಬ ಹುಡುಗ ಉರಿಯುವ ಪಂಜು ಹಿಡಿದು ಬರಿಗಾಲಲ್ಲಿ ಓಡುತ್ತಿರುತ್ತಾನೆ. ಅವನ ಜೊತೆಗೆ ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹತ್ತಿಪ್ಪತ್ತು ಜನ. ಅವನಿಗೆ ಏದುಸಿರು ಬಂದ ಕೂಡಲೇ ಇನ್ನೊಬ್ಬ ಟೆಂಪೊದಿಂದ ಜಿಗಿದು ಪಂಜು ಇಸಿದುಕೊಳ್ಳುತ್ತಾನೆ. ಸಪ್ತಶೃಂಗಿ ಗಡದ ಮೇಲೆ ದೇವಿಯ ದೀಪದಿಂದ ಹೊತ್ತಿಸಿಕೊಂಡ ಈ ‘ಜ್ಯೋತ’ ಊರು ಸೇರುವತನಕ ಆರಬಾರದು. ಊರಿನ ಮಂಡಳದ ಪೆಂಡಾಲಿನಲ್ಲಿ ಒಂಬತ್ತು ದಿನದ ದೀಪ ಹಚ್ಚುವುದು ಇದರಿಂದಲೇ.

ನಾನು ಬಾಗಲಕೋಟೆ ಜಿಲ್ಲೆಯವನು. ಕೆಲಸ ಪುಣೆಯ ಕಂಪನಿಯದು, ಕೂರುವುದು ದಿಂಡೋರಿಯ ಬಾಡಿಗೆ ಮನೆಯಲ್ಲಿ. ಹೆಂಡತಿಯ ನೌಕರಿ ಈ ತಾಲ್ಲೂಕಿನಲ್ಲಿದೆ. ಮೊದಲ ವರ್ಷ ಈ ಜ್ಯೋತ ನೋಡಿದಾಗ ನನಗೆ ಭಕ್ತಿಗಿಂತ ಮುಂಚೆ ಹೊಳೆದದ್ದು ರಿಲೇ ಓಟ. ಗಡದಿಂದ ನಾಸಿಕ್‌ಗೆ ಸುಮಾರು ಅರವತ್ತು ಕಿಲೋಮೀಟರ್. ಇಪ್ಪತ್ತು ಹುಡುಗರಿದ್ದರೆ ತಲಾ ಮೂರು ಕಿಲೋಮೀಟರ್. ಈ ಲೆಕ್ಕಕ್ಕೆ ನನ್ನ ಎಂ.ಟೆಕ್ ಬೇಕಿಲ್ಲ. ಆದರೆ ಆ ಮೂರು ಕಿಲೋಮೀಟರನ್ನು ಡಾಂಬರಿನ ಮೇಲೆ, ಬರಿಗಾಲಲ್ಲಿ, ಮುಖಕ್ಕೆ ಬಡಿಯುವ ಹೊಗೆಯಲ್ಲಿ ಓಡಿ ಎಂದರೆ ನಮ್ಮ ಆಫೀಸಿನ ಮ್ಯಾರಥಾನ್ ಗ್ರೂಪಿನಲ್ಲಿ ಎಷ್ಟು ಜನ ಉಳಿದಾರೋ!

ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವ ಹುಡುಗರನ್ನು, ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ಹೋಗುವವರನ್ನು ನೋಡುತ್ತಲೇ ಬೆಳೆದವರು ನಾವು. ಶೀಗಿ ಹುಣ್ಣಿಮೆಗೆ ಸೊಲ್ಲಾಪುರ ದಾಟಿ ತುಳಜಾಪುರಕ್ಕೆ ನಡೆಯುವವರಲ್ಲಿ ಕಲಬುರಗಿ, ವಿಜಯಪುರದವರು ಎಷ್ಟೊಂದು! ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು ಎತ್ತುವುದು, ಮೂಟೆ ಎತ್ತುವುದು, ಕೊನೆಗೆ ಕುಸ್ತಿ. ನಮ್ಮ ಹಳ್ಳಿಗಳಿಗೆ ಸ್ಟೇಡಿಯಂ ಯಾವತ್ತೂ ಇರಲಿಲ್ಲ, ಜಾತ್ರೆಯೇ ಸ್ಟೇಡಿಯಂ. ಗರಡಿ ಮನೆಯ ಗೋಡೆಯ ಮೇಲೆ ಹನುಮಪ್ಪ, ಕೆಳಗೆ ಕೆಂಪು ಮಣ್ಣು, ಕಲಿಸುವವನ ಹೆಸರು ‘ಉಸ್ತಾದ’. ಮರಾಠಿಯಲ್ಲಿ ಅದೇ ‘ವಸ್ತಾದ’. ಉರ್ದುವಿನಿಂದ ಬಂದ ಮಾತು ಹನುಮಪ್ಪನ ಎದುರು ಎಷ್ಟು ಸಲೀಸಾಗಿ ನಿಂತುಬಿಟ್ಟಿದೆ ನೋಡಿ.

ಇಷ್ಟಕ್ಕೂ ನಂಬಿಕೆ ಹುಡುಗರಿಗೆ ಏನು ಕೊಡುತ್ತದೆ? ಸೈನ್ಯಕ್ಕೋ ಪೊಲೀಸ್ ಭರ್ತಿಗೋ 1600 ಮೀಟರ್ ಓಟದ ತಯಾರಿ ಮಾಡುವ ಹುಡುಗ ಬೂಟಿಗೆ ದುಡ್ಡು ಕೇಳಿದರೆ ಮನೆಯಲ್ಲಿ ಮುಖ ತಿರುಗಿಸುತ್ತಾರೆ. ಅದೇ ಹುಡುಗ ಜ್ಯೋತ ತರಲು ಹೊರಟರೆ ಊರೇ ಚಂದಾ ಎತ್ತಿ ಟೆಂಪೊ ಮಾಡಿಕೊಡುತ್ತದೆ, ಟೀ ಶರ್ಟು ಹೊಲಿಸುತ್ತದೆ, ದಾರಿಯುದ್ದಕ್ಕೂ ಅಪರಿಚಿತರು ಬಾಳೆಹಣ್ಣು, ಚಹಾ ಕೊಡುತ್ತಾರೆ. ಊರ ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿರುತ್ತಾರೆ. ಜಿಲ್ಲಾ ಮಟ್ಟದಲ್ಲಿ ಗೆದ್ದು ಬಂದವನಿಗೂ ಇಂಥ ಸ್ವಾಗತ ಸಿಗುವುದು ಕಷ್ಟ. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಹಾಗೆಂದು ಕಿವಿ ಹರಿಯುವ ಡಿಜೆ ಹಾಕಿಕೊಂಡು, ಲಾರಿಗಳ ಮಧ್ಯೆ ಕತ್ತಲಲ್ಲಿ ಹದಿನೈದು ವರ್ಷದ ಹುಡುಗರನ್ನು ಓಡಿಸುವುದನ್ನೂ ಒಪ್ಪಲಾರೆ. ಬೆನ್ನಿಗೊಂದು ಹೊಳೆಯುವ ಪಟ್ಟಿ ಕಟ್ಟಿದರೆ ದೇವಿ ಮುನಿಯುವುದಿಲ್ಲ.

ಬರಿಗಾಲ ಓಟ ಎಂದಾಗ ಇದೇ ಜಿಲ್ಲೆಯ ಇನ್ನೊಂದು ಹೆಸರು ನೆನಪಾಗುತ್ತದೆ. ತ್ರ್ಯಂಬಕೇಶ್ವರ ತಾಲ್ಲೂಕಿನ ಸಾವರ್ಪಾಡಾ ಎಂಬ ಆದಿವಾಸಿ ಹಾಡಿಯ ಕವಿತಾ ರಾವುತ್ ಬರಿಗಾಲಲ್ಲೇ ಓಡಲು ಶುರು ಮಾಡಿದವರು. ಹರಕೆಯಿಂದಲ್ಲ, ಬೂಟು ಇರಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್‌ನಲ್ಲಿ ಕಂಚು, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 2016ರಲ್ಲಿ ರಿಯೊ ಒಲಿಂಪಿಕ್ಸ್ ಮ್ಯಾರಥಾನ್. ಜನ ಅವರನ್ನು ‘ಸಾವರ್ಪಾಡಾ ಎಕ್ಸ್‌ಪ್ರೆಸ್’ ಎಂದೇ ಕರೆಯುತ್ತಾರೆ. ನಮ್ಮ ದಿಂಡೋರಿ ತಾಲ್ಲೂಕಿನವರೇ ಆದ ಮೋನಿಕಾ ಆಥರೆ 2017ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮ್ಯಾರಥಾನ್ ಓಡಿದರು. ಇಷ್ಟು ಓಟಗಾರ್ತಿಯರನ್ನು ಕೊಟ್ಟ ನಾಡಿನಲ್ಲಿ ನಾಲ್ಕು ನವರಾತ್ರಿಗಳಲ್ಲಿ ನಾನು ಎಣಿಸಿದ ಜ್ಯೋತದ ತಂಡಗಳಲ್ಲಿ ಓಡುತ್ತಿದ್ದ ಹುಡುಗಿಯರು ಬೆರಳೆಣಿಕೆಯಷ್ಟು. ದೇವಿ ಹೆಣ್ಣು, ಅವಳ ಪಂಜು ಮಾತ್ರ ಗಂಡುಮಕ್ಕಳ ಕೈಯಲ್ಲಿ.

ಅಖಾಡದ ಕಥೆ ಇನ್ನೂ ಬಿಗಿ. ಹನುಮಂತ ಬ್ರಹ್ಮಚಾರಿ, ಆದ್ದರಿಂದ ಹೆಣ್ಣುಮಕ್ಕಳು ಗರಡಿಯ ಮಣ್ಣು ತುಳಿಯಬಾರದು ಎಂಬ ಮಾತನ್ನು ನಮ್ಮೂರಲ್ಲೂ ಕೇಳಿದ್ದೇನೆ, ಇಲ್ಲೂ ಕೇಳಿದ್ದೇನೆ. ‘ಮಹಾರಾಷ್ಟ್ರ ಕೇಸರಿ’ ಕುಸ್ತಿ 1961ರಲ್ಲಿ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ ಶುರುವಾಯಿತು. ಮಹಿಳೆಯರ ಮಹಾರಾಷ್ಟ್ರ ಕೇಸರಿ ನಡೆದದ್ದು 2023ರ ಮಾರ್ಚ್‌ನಲ್ಲಿ, ಸಾಂಗ್ಲಿಯಲ್ಲಿ. ಗೆದ್ದವರು ಪ್ರತೀಕ್ಷಾ ಬಾಗಡಿ. ನಡುವೆ ಅರವತ್ತೆರಡು ವರ್ಷ. ನಮ್ಮ ಮೈಸೂರು ದಸರಾ ಕುಸ್ತಿಯಲ್ಲೂ ಈಗ ಹೆಣ್ಣುಮಕ್ಕಳು ಸೆಣಸುತ್ತಾರೆ. ಹನುಮಪ್ಪ ಎಲ್ಲೂ ಮುನಿಸಿಕೊಂಡಂತಿಲ್ಲ.

ಇದು ಒಂದೇ ಧರ್ಮದ ಮಾತಲ್ಲ. 2011ರಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆಂದು ಜೋರ್ಡಾನ್‌ಗೆ ಹೋಗಿ, ತಲೆವಸ್ತ್ರದ ಕಾರಣಕ್ಕೆ ಆಡಲಾಗದೆ ಮರಳಿತು. 2014ರಲ್ಲಿ ಫುಟ್‌ಬಾಲ್ ನಿಯಮ ಬದಲಾಯಿತು, 2017ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲೂ. ಅಲ್ಲಿ ತಡೆದದ್ದು ಆಟದ ನಿಯಮ, ಇಲ್ಲಿ ತಡೆಯುವುದು ಊರಿನ ನಿಯಮ. ಎರಡು ಕಡೆಯೂ ಹೊರಗೆ ನಿಂತದ್ದು ಹುಡುಗಿಯೇ.

ನಮ್ಮ ಓಣಿಯಲ್ಲೇ ಒಬ್ಬ ಹುಡುಗಿ ಇದ್ದಾಳೆ. ಬಿ.ಎ. ಮೊದಲ ವರ್ಷ. ಪೊಲೀಸ್ ಆಗಬೇಕು, ಅದಕ್ಕೆ ಹುಡುಗಿಯರು 800 ಮೀಟರ್ ಓಡಬೇಕು. ಬೆಳಿಗ್ಗೆ ಐದಕ್ಕೆ ಶಾಲೆಯ ಮೈದಾನಕ್ಕೆ ಹೋಗುತ್ತೇನೆ ಎಂದರೆ ಅಪ್ಪ ಬಿಲ್‌ಕುಲ್ ಒಪ್ಪಲಿಲ್ಲ. ದ್ರಾಕ್ಷಿ ತೋಟದ ಕೆಲಸಕ್ಕೆ ಅದೇ ಹೊತ್ತಿಗೆ ಹೊರಡುವ ಮನುಷ್ಯ ಅವರು, ಕತ್ತಲು ಅವರಿಗೆ ಹೊಸದಲ್ಲ. “ಲೋಕ್ ಕಾಯ್ ಮ್ಹಣತೀಲ್?” ಎಂಬುದೊಂದೇ ಉತ್ತರ. ಜನ ಏನಂದಾರು? ಆದರೆ ನವರಾತ್ರಿ ಬಂದ ಕೂಡಲೇ ಅದೇ ಹುಡುಗಿ ನಾಲ್ಕೂವರೆಗೆ ಬರಿಗಾಲಲ್ಲಿ ದೇವಿಯ ಗುಡಿಗೆ ಹೊರಟಳು, ಅಪ್ಪನೇ ಬಾಗಿಲು ತೆಗೆದರು. ನಮ್ಮಲ್ಲೂ ಹೀಗೇ ಅಲ್ಲವೆ? ಉತ್ತರ ಕರ್ನಾಟಕದ ಹೆಂಗಸರು ನವರಾತ್ರಿಯಲ್ಲಿ ನಸುಕಿಗೇ ಎದ್ದು ಬನ್ನಿ ಗಿಡ ಸುತ್ತಲು ಹೋಗುತ್ತಾರೆ, ಯಾವ ಗಂಡಸೂ ‘ಇಷ್ಟೊತ್ತಿಗೆ ಎಲ್ಲಿಗೆ’ ಎನ್ನುವುದಿಲ್ಲ. ನನ್ನ ಅಕ್ಕ ಮದುವೆಗೆ ಮುಂಚೆ ವರ್ಷದಲ್ಲಿ ಒಬ್ಬಳೇ ನಸುಕು ನೋಡಿದ್ದು ಆ ಒಂಬತ್ತು ದಿನ ಮಾತ್ರ.

ಈ ಹುಡುಗಿ ಗುಡಿಗೆ ನಡೆದು ಹೋಗಲಿಲ್ಲ, ಓಡಿಕೊಂಡು ಹೋದಳು. ಎರಡನೇ ದಿನ ಸುತ್ತುದಾರಿ ಹಿಡಿದಳು. ಐದನೇ ದಿನಕ್ಕೆ ಅವಳ ಜೊತೆ ಇನ್ನಿಬ್ಬರು ಸೇರಿದ್ದರು. ನನ್ನ ಹೆಂಡತಿ ಹಳೆಯ ಸ್ಟಾಪ್‌ವಾಚ್ ಕೊಟ್ಟಳು. (ಇಲ್ಲಿ ಅಕ್ಕನಿಗೆ ‘ತಾಯಿ’ ಎನ್ನುತ್ತಾರೆ. ಆ ಹುಡುಗಿ ಮೊದಲ ಸಲ ಹಾಗೆ ಕರೆದಾಗ ‘ನಾ ಎಲ್ಲಿ ನಿನ್ನ ತಾಯಿ ಆದೆ’ ಎಂದು ನನ್ನಾಕೆ ನಕ್ಕಿದ್ದಳು.) ದಸರೆಗೆ ಬಂಗಾರ ಹಂಚಿದ ಮರುದಿನ ಮತ್ತೆ ಬಾಗಿಲು ಮುಚ್ಚಿತು. ಅವಳು ಜಗಳಕ್ಕೆ ನಿಲ್ಲಲಿಲ್ಲ, ಅಜ್ಜಿಯ ಹತ್ತಿರ ಹೋದಳು.

ಅಜ್ಜಿ ಹರೆಯದಲ್ಲಿ ಕೈಕೂಸು ಎತ್ತಿಕೊಂಡು ಸಪ್ತಶೃಂಗಿ ಗಡ ಹತ್ತಿದವಳು, ಶಾಲೆಗೆ ಹೋದವಳಲ್ಲ. ಮಗನನ್ನು ಕೂರಿಸಿಕೊಂಡು, ಮಂಗಳವಾರ ಮತ್ತು ಶುಕ್ರವಾರ ದೇವಿಯ ವಾರ, ಮೊಮ್ಮಗಳು ವರ್ಷವಿಡೀ ನಸುಕಿಗೆ ಗುಡಿಗೆ ಹೋಗುವ ಹರಕೆ ತಾನೇ ಹೊತ್ತಿದ್ದೇನೆ, ತಪ್ಪಿಸಿದರೆ ತನಗೇ ದೋಷ ಎಂದಳು. ಅಪ್ಪನಿಗೆ ಮಾತು ಹೊರಡಲಿಲ್ಲ. ವಾರಕ್ಕೆ ಎರಡು ದಿನ ಸಾಲದು ಎಂದು ಹುಡುಗಿ ನನ್ನ ಹೆಂಡತಿಯ ಹತ್ತಿರ ಗೊಣಗಿದ್ದು ಅಜ್ಜಿಯ ಕಿವಿಗೂ ಬಿದ್ದಿರಬೇಕು. ಸೋಮವಾರ ಮಹಾದೇವ ಸೇರಿಕೊಂಡ. ಹೋದ ತಿಂಗಳಿನಿಂದ ಶನಿವಾರವೂ ಸೇರಿದೆ, ಮಾರುತಿಯ ವಾರ. ಶಾಲೆಯ ಮೈದಾನ ಇರುವುದು ಮಾರುತಿ ಗುಡಿಯ ಹಿಂದೆಯೇ. ಇನ್ನು ಬುಧವಾರಕ್ಕೆ ಯಾವ ದೇವರು ಎಂದು ಅಜ್ಜಿ ನನ್ನನ್ನೂ ಕೇಳಿದ್ದಾಳೆ. ನಿಮ್ಮ ಕರ್ನಾಟಕದಲ್ಲಿ ಯಾರಾದರೂ ಇದ್ದಾರಾ ಅಂತ.